ದಣಿಯದ ಮಣ್ಣು, ದಣಿಯುವ ರೈತ

‘ಸ್ಟಾರ್ಡ್ಯೂ ವ್ಯಾಲಿ’ ಎಂಬ ಬೇಸಾಯದ ವಿಡಿಯೊ ಗೇಮನ್ನು ಮೆಚ್ಚಿ ಆಡಿದವರಲ್ಲಿ ಬಹಳ ಮಂದಿಗೆ ಒಂದು ಬೇಸರದ ಪರಿಚಯವಿರುತ್ತದೆ. ಮೊದಲ ಸಲ ಊಟ, ನಿದ್ದೆ ಮರೆಸಿದ ಆಟ ಅದು. ಪರೀಕ್ಷೆ ಮುಗಿದ ಮೇಲೋ, ಕೆಲಸದಿಂದ ನಾಲ್ಕು ದಿನ ಬಿಡುವು ಸಿಕ್ಕಾಗಲೋ, ಆ ಸುಖ ಇನ್ನೊಮ್ಮೆ ಬೇಕೆನಿಸಿ ಹೊಸ ಹೊಲವನ್ನು ಮೊದಲಿನಿಂದ ಶುರುಮಾಡುತ್ತೇವೆ. ಅದೇ ಹಾಡು, ಅದೇ ಪುಟ್ಟ ಮನೆ, ಅಂಗಳದಲ್ಲಿ ಅದೇ ಕಲ್ಲು, ಕಳೆ. ಆದರೆ ವಸಂತ ಮುಗಿಯುವ ಹೊತ್ತಿಗೆ ಕೈ ಸೋಲುತ್ತದೆ. ನೀರು ಹಾಯಿಸುವುದು ಕೂಲಿಯಂತೆ, ಊರಿನವರನ್ನು ಮಾತನಾಡಿಸುವುದು ಹಾಜರಿ ಹಾಕಿದಂತೆ ಅನಿಸುತ್ತದೆ. ಆಟ ಮುಚ್ಚಿ ಎದ್ದಾಗ, ಪ್ರೀತಿಸಿದ ಒಂದು ವಸ್ತುವನ್ನು ಕಳೆದುಕೊಂಡೆವೇನೋ ಎಂಬ ಸಣ್ಣ ದುಃಖವೂ ಜೊತೆಗಿರುತ್ತದೆ.

‘ಬೋರಾಯಿತು’ ಎಂದು ಹೇಳಿ ಇದನ್ನು ಮುಗಿಸಿಬಿಡಬಹುದು. ಆದರೆ ವಿಶ್ರಾಂತಿಗೆಂದೇ ಹುಟ್ಟಿದ ಆಟವೊಂದು ದಣಿಸುವುದು ಯಾಕೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಉತ್ತರ ಹುಡುಕಬೇಕಾದರೆ ದಣಿವಿನ ಚರಿತ್ರೆಯನ್ನೂ, ಈ ಆಟಗಳ ಚರಿತ್ರೆಯನ್ನೂ, ನಿಜವಾದ ಹೊಲದ ಚರಿತ್ರೆಯನ್ನೂ ಸ್ವಲ್ಪ ನೋಡಬೇಕು.

ಇಂಥ ದಣಿವಿಗೆ ಇಂದು ಎಲ್ಲರೂ ಬಳಸುವ ಪದ ‘ಬರ್ನ್‌ಔಟ್’. ಇದನ್ನು ಮನಶ್ಶಾಸ್ತ್ರದ ಬರಹಕ್ಕೆ ತಂದವರಲ್ಲಿ ಮೊದಲಿಗರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ನ್ಯೂಯಾರ್ಕಿನಲ್ಲಿ ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯವೊಂದರಲ್ಲಿ ಅವರು ಕೆಲಸ ಮಾಡುತ್ತಿದ್ದರು. ಅಲ್ಲಿನ ಸ್ವಯಂಸೇವಕರು ಕಾಲಕ್ರಮೇಣ ಬತ್ತಿಹೋಗುವುದನ್ನು ಕಂಡು 1974ರಲ್ಲಿ ಅದರ ಬಗ್ಗೆ ಬರೆದರು. ಆ ಸ್ವಯಂಸೇವಕರನ್ನು ಯಾರೂ ಬಲವಂತವಾಗಿ ಕರೆತಂದಿರಲಿಲ್ಲ. ಅವರು ಇಷ್ಟಪಟ್ಟು ಬಂದವರು. ಅಂದರೆ ಈ ಪದ ಮೊದಲು ವರ್ಣಿಸಿದ್ದು ಪ್ರೀತಿಯಿಂದ ಕೈಹಾಕಿದವರ ದಣಿವನ್ನು. ಮುಂದೆ 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಇದನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅವರು ಗುರುತಿಸಿದ ಲಕ್ಷಣಗಳು ಮೂರು: ಮನಸ್ಸು ಬರಿದಾಗುವುದು, ಎದುರಿಗಿರುವ ಮನುಷ್ಯರು ಬರೀ ವಸ್ತುಗಳಂತೆ ಕಾಣುವುದು, ಎಷ್ಟು ಮಾಡಿದರೂ ಏನೂ ಸಾಧಿಸಿಲ್ಲ ಎನಿಸುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟನ್ನು ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿ, ಬದುಕಿನ ಬೇರೆ ಭಾಗಗಳಿಗೆ ಆ ಪದವನ್ನು ಬಳಸಬಾರದು ಎಂದಿತು.

ಹಾಗಿದ್ದರೆ ಆಟಕ್ಕೆ ಈ ಪದ ಸಲ್ಲದು. ಆದರೂ ಆಡುವವರು ಇದನ್ನೇ ಬಳಸುತ್ತಾರೆ. ತಮ್ಮ ಆಟ ಎಲ್ಲೋ ಒಂದು ಕಡೆ ಉದ್ಯೋಗವಾಗಿ ಮಾರ್ಪಟ್ಟಿತೆಂದು ಅವರಿಗೆ ಅನಿಸಿರುವುದರಿಂದಲೇ ಆ ಪದ ಬಾಯಿಗೆ ಬರುತ್ತದೆ.

ಈ ಬಗೆಯ ಆಟಗಳ ಮೂಲ 1996ರ ಜಪಾನಿನಲ್ಲಿದೆ. ಕ್ಯೂಶು ದ್ವೀಪದ ಮಿಯಾಝಾಕಿಯಲ್ಲಿ ಬೆಳೆದು ಟೋಕಿಯೊ ಸೇರಿದ್ದ ಯಾಸುಹಿರೊ ವಾಡಾ ಅವರಿಗೆ, ಊರು ಬಿಟ್ಟ ಮೇಲೆ ಊರಿನ ಬೆಲೆ ತಿಳಿಯಿತು. ಹೊಡೆದಾಟವೇ ಇಲ್ಲದ ಒಂದು ಆಟ ಮಾಡಬೇಕೆಂಬ ಆಸೆಯೂ ಅವರಲ್ಲಿತ್ತು. ಕೆಲಸ ನಡುವಿನಲ್ಲಿದ್ದಾಗಲೇ ಆಟವನ್ನು ತಯಾರಿಸುತ್ತಿದ್ದ ಕಂಪನಿ ದಿವಾಳಿಯಾಯಿತು. ಉಳಿದ ಕೆಲವೇ ಜನ ಸೇರಿ ಅದನ್ನು ಮುಗಿಸಿದರು. ಅದೇ ‘ಬೊಕುಜೊ ಮೊನೊಗತಾರಿ’, ಹಟ್ಟಿಯ ಕಥೆ ಎಂಬ ಅರ್ಥದ ಹೆಸರು. ಇಂಗ್ಲಿಷಿನಲ್ಲಿ ಅದು ‘ಹಾರ್ವೆಸ್ಟ್ ಮೂನ್’ ಆಯಿತು.

ಆ ಮೊದಲ ಆಟದಲ್ಲಿ ಎರಡು ಗುಣಗಳಿದ್ದವು. ಒಂದು, ಸಂಜೆ ಆರಕ್ಕೆ ಗಡಿಯಾರ ನಿಲ್ಲುತ್ತಿತ್ತು. ಆಮೇಲೆ ಮೈಯಲ್ಲಿ ಕಸುವಿರುವ ತನಕ ಕೆಲಸ ಮಾಡಬಹುದು, ಇಲ್ಲವೆ ಮಲಗಬಹುದು, ಯಾವುದಕ್ಕೂ ಅವಸರವಿಲ್ಲ. ಎರಡು, ಎರಡೂವರೆ ವರ್ಷಕ್ಕೆ ಆಟ ಮುಗಿಯುತ್ತಿತ್ತು. ಹೊಲ ಹೇಗಿದೆ, ಯಾರನ್ನು ಮದುವೆಯಾದೆ, ಊರಿನವರೊಡನೆ ಹೇಗಿದ್ದೆ ಎಂಬುದನ್ನು ನೋಡಿ ಒಂದು ಮುಕ್ತಾಯ ತೋರಿಸುತ್ತಿತ್ತು. ದಿನಕ್ಕೊಂದು ಸಂಜೆ, ಕಥೆಗೊಂದು ಕೊನೆ. ಈ ಎರಡನ್ನು ನೆನಪಿಡಿ. ಮುಂದಿನ ಚರಿತ್ರೆಯಲ್ಲಿ ಕಳೆದುಹೋಗುವುದು ಇವೇ.

ಹದಿಮೂರು ವರ್ಷಗಳ ನಂತರ, 2009ರ ಜೂನ್‌ನಲ್ಲಿ, ಫೇಸ್‌ಬುಕ್ಕಿನಲ್ಲಿ ‘ಫಾರ್ಮ್‌ವಿಲ್’ ಬಂತು. 2010ರ ಮೊದಲ ತಿಂಗಳುಗಳಲ್ಲಿ ಅದನ್ನು ಆಡುವವರ ಸಂಖ್ಯೆ ತಿಂಗಳಿಗೆ 8 ಕೋಟಿ ದಾಟಿತು. ಇಲ್ಲಿನ ಗಡಿಯಾರ ನಮ್ಮ ಗೋಡೆಯ ಗಡಿಯಾರವೇ. ಸ್ಟ್ರಾಬೆರಿ ಬಿತ್ತಿದರೆ ನಿಜವಾದ ನಾಲ್ಕು ಗಂಟೆಗೆ ಕೊಯ್ಲು. ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಬೆಳೆ ಬಾಡುತ್ತಿತ್ತು. ಆಡುವವರು ತಮ್ಮ ಬಿಡುವಿನಲ್ಲಿ ಹೊಲಕ್ಕೆ ಹೋಗುವ ಬದಲು, ಹೊಲ ಅವರನ್ನು ಊಟದ ನಡುವೆ, ಪಾಠದ ನಡುವೆ ಕರೆಯತೊಡಗಿತು. ಸಂಜೆಯೂ ಹೋಯಿತು, ಕೊನೆಯೂ ಹೋಯಿತು.

ಇದನ್ನು ಅಣಕಿಸಲು ಇಯಾನ್ ಬೊಗೊಸ್ಟ್ ಎಂಬ ಪ್ರಾಧ್ಯಾಪಕರು 2010ರಲ್ಲಿ ‘ಕೌ ಕ್ಲಿಕ್ಕರ್’ ಮಾಡಿದರು. ಆರು ಗಂಟೆಗೊಮ್ಮೆ ಒಂದು ಹಸುವಿನ ಮೇಲೆ ಕ್ಲಿಕ್ ಮಾಡುವುದು, ಅಷ್ಟೇ ಆಟ. ತಮಾಷೆಯಾಗಿ ಶುರುವಾದದ್ದಕ್ಕೆ ಸಾವಿರಾರು ಜನ ನಿಜವಾಗಿ ಅಂಟಿಕೊಂಡರು. 2011ರಲ್ಲಿ ಅವರು ಹಸುಗಳನ್ನೆಲ್ಲ ಮಾಯಮಾಡಿದರು. ಆಗಲೂ ಕೆಲವರು ಹಸು ನಿಂತಿದ್ದ ಖಾಲಿ ಜಾಗದ ಮೇಲೆ ಕ್ಲಿಕ್ ಮಾಡುತ್ತಲೇ ಇದ್ದರು.

ಈ ಹಿನ್ನೆಲೆಯಲ್ಲಿ 2016ರ ಫೆಬ್ರವರಿ 26ರಂದು ‘ಸ್ಟಾರ್ಡ್ಯೂ ವ್ಯಾಲಿ’ ಬಂದಾಗ ಅದು ಹಳೆಯ ಊರಿಗೆ ಮರಳಿದಂತೆ ಕಂಡಿತು. ಅಮೆರಿಕದ ಸಿಯಾಟಲ್ ಭಾಗದ ಎರಿಕ್ ಬರೋನ್ ಎಂಬ ತರುಣ ‘ಹಾರ್ವೆಸ್ಟ್ ಮೂನ್’ ಆಡಿ ಬೆಳೆದವರು. ಆ ಸರಣಿಯ ಹೊಸ ಆಟಗಳು ಅವರಿಗೆ ರುಚಿಸಲಿಲ್ಲ. ಕೋಡ್, ಚಿತ್ರ, ಸಂಗೀತ, ಮಾತು ಎಲ್ಲವನ್ನೂ ಒಬ್ಬರೇ ಮಾಡುತ್ತ ಸುಮಾರು ನಾಲ್ಕೂವರೆ ವರ್ಷ ಕೂತರು. ನಡುವೆ ಅವರಿಗೂ ಅದು ಸಾಕಾಗಿ, ಅದನ್ನು ಬದಿಗಿಟ್ಟು ಒಂದು ಚಿಕ್ಕ ಮೊಬೈಲ್ ಆಟ ಮಾಡಿ, ಆಮೇಲೆ ಮರಳಿದರು. 2024ರ ಆರಂಭದ ಹೊತ್ತಿಗೆ ಅದರ 3 ಕೋಟಿ ಪ್ರತಿಗಳು ಮಾರಾಟವಾಗಿದ್ದವು.

ಆ ಆಟ ತೆರೆದುಕೊಳ್ಳುವುದೇ ದಣಿವಿನಿಂದ. ನಮ್ಮ ಪಾತ್ರ ‘ಜೋಜಾ’ ಎಂಬ ದೊಡ್ಡ ಕಂಪನಿಯ ಕಚೇರಿಯಲ್ಲಿ ಸಾಲುಸಾಲು ಮೇಜುಗಳ ನಡುವೆ ಕೂತಿರುತ್ತದೆ. ಒಂದು ಮೇಜಿನಲ್ಲಿ ಕೂತಿರುವುದು ಅಸ್ಥಿಪಂಜರ. ಸಾಯುವ ಮುನ್ನ ತಾತ ಕೊಟ್ಟಿದ್ದ ಲಕೋಟೆಯನ್ನು ಆಗ ಒಡೆಯುತ್ತೇವೆ. ಒಳಗೆ ಹಳ್ಳಿಯ ಹೊಲದ ಪತ್ರವಿದೆ. ಕಚೇರಿ ಬಿಟ್ಟು ಬಸ್ಸು ಹತ್ತುತ್ತೇವೆ. ಕಂಪನಿಯ ಲೆಕ್ಕಾಚಾರದಿಂದ ತಪ್ಪಿಸಿಕೊಂಡು ಬಂದವರ ಕಥೆ ಇದು.

ಮೊದಲ ಸಲ ಆಡುವಾಗ ಆ ಕಥೆ ನಿಜವಾಗಿರುತ್ತದೆ. ಊರಿನ ಮುಖ್ಯಸ್ಥ ಕೊಟ್ಟ 15 ಬೀಜಗಳನ್ನು ವಕ್ರವಾಗಿ ಬಿತ್ತುತ್ತೇವೆ. ಋತು ಬದಲಾದ ಬೆಳಿಗ್ಗೆ ಅರ್ಧ ಬೆಳೆದ ಗಿಡಗಳೆಲ್ಲ ಒಣಗಿ ನಿಂತದ್ದು ಕಂಡು ಎದೆ ಧಸಕ್ಕೆನ್ನುತ್ತದೆ. ಎರಡನೆಯ ಸಲ ನಮಗೆ ಪಂಚಾಂಗ ಬಾಯಿಪಾಠ. ಋತುವಿಗೆ 28 ದಿನ, ವರ್ಷಕ್ಕೆ 112. ವಸಂತದ 13ರಂದು ಮೊಟ್ಟೆ ಹಬ್ಬ. ಆ ದಿನವೇ ಸ್ಟ್ರಾಬೆರಿ ಬೀಜ ಕೊಂಡು ನೆಟ್ಟರೆ ಎರಡು ಕೊಯ್ಲು ಸಿಗುತ್ತದೆ, ಅದಕ್ಕೆ ಬೇಕಾದ ದುಡ್ಡನ್ನು ಅದಕ್ಕೂ ಮೊದಲು ಮೀನು ಹಿಡಿದು ಕೂಡಿಸಬೇಕು. ಹಣ್ಣನ್ನು ಹಾಗೇ ಮಾರುವುದು ದಡ್ಡತನ, ಪೀಪಾಯಿಗೆ ಹಾಕಿ ವೈನ್ ಮಾಡಬೇಕು. ಅಬಿಗೇಲ್‌ಗೆ ಅಮೆಥಿಸ್ಟ್ ಕಲ್ಲು, ಲಿಯಾಗೆ ಸಲಾಡ್, ವಾರಕ್ಕೆ ಎರಡೇ ಉಡುಗೊರೆ. ಆಟದ ಒಂದು ದಿನವೆಂದರೆ ನಮ್ಮ ಸುಮಾರು 14 ನಿಮಿಷ. ಅಷ್ಟರಲ್ಲಿ ಇದೆಲ್ಲ ಆಗಬೇಕು, ರಾತ್ರಿ ಎರಡರೊಳಗೆ ಹಾಸಿಗೆ ಸೇರಬೇಕು. ಒಂದು ವರ್ಷ ಮುಗಿಸಲು ಹೆಚ್ಚುಕಡಿಮೆ 26 ಗಂಟೆ ಬೇಕು. ಆ 26 ಗಂಟೆಗಳಲ್ಲಿ ನಾವು ತಪ್ಪಿಸಿಕೊಂಡು ಬಂದ ಕಚೇರಿಯನ್ನು ಹೊಲದಲ್ಲೇ ಮತ್ತೆ ಕಟ್ಟುತ್ತೇವೆ. ಮ್ಯಾಸ್ಲಾಕ್ ಹೇಳಿದ ಮೂರು ಲಕ್ಷಣಗಳೂ ಅಲ್ಲಿ ಸೇರುತ್ತವೆ. ಎದುರಿಗಿರುವ ಮನುಷ್ಯರು ವಸ್ತುಗಳಂತೆ ಕಾಣುವುದೆಂದರೆ, ಲಿಯಾ ಒಂದು ಸಲಾಡ್ ಆಗಿಬಿಡುವುದು.

ಮೆಚ್ಚಿನ ಕಾದಂಬರಿಯನ್ನು ನಾಲ್ಕನೆಯ ಸಲ ಓದುವಾಗ ಹೀಗಾಗುವುದು ಕಡಿಮೆ. ಕಥೆ ಗೊತ್ತಿರುವುದೇ ಅಲ್ಲಿ ಅನುಕೂಲ. ಮುಂದೇನು ಎಂಬ ಆತುರವಿಲ್ಲದ್ದರಿಂದ ಕಣ್ಣು ಮೊದಲು ಕಾಣದ್ದನ್ನು ಕಾಣುತ್ತದೆ. ಓದುವವರು ಕಾದಂಬರಿಯನ್ನು ಕಳೆದ ಸಲಕ್ಕಿಂತ ‘ಚೆನ್ನಾಗಿ ಮುಗಿಸಲು’ ಆಗುವುದಿಲ್ಲ. ಆಟದಲ್ಲಿ ಅದು ಸಾಧ್ಯ. ಕಳೆದ ಸಲಕ್ಕಿಂತ ಬೇಗ, ಕಳೆದ ಸಲಕ್ಕಿಂತ ಹೆಚ್ಚು. ಹಾಗಾಗಿ ಮರು ಓದು ನೆನಪಿನ ಕಡೆ ಒಯ್ದರೆ, ಮರು ಆಟ ಪರೀಕ್ಷೆಯ ಕಡೆ ಎಳೆಯುತ್ತದೆ. 2020ರ ಡಿಸೆಂಬರ್‌ನಲ್ಲಿ ಬಂದ 1.5 ಆವೃತ್ತಿ ‘ಪರ್ಫೆಕ್ಷನ್’ ಎಂಬ ಶೇಕಡಾವಾರು ಅಂಕವನ್ನೂ ಸೇರಿಸಿ, ನೂರಕ್ಕೆ ಎಷ್ಟು ಎಂಬುದನ್ನು ತೋರಿಸತೊಡಗಿತು.

ಅಂಕ ಬಂದಲ್ಲಿ ಏನಾಗುತ್ತದೆ ಎಂಬುದಕ್ಕೆ 1973ರ ಒಂದು ಹಳೆಯ ಪ್ರಯೋಗವಿದೆ. ಮಾರ್ಕ್ ಲೆಪರ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ, ಬಣ್ಣದ ಪೆನ್ನಿನಿಂದ ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿ, ಕೊಟ್ಟರು. ಕೆಲವು ದಿನಗಳ ನಂತರ ನೋಡಿದರೆ, ಆ ಮಕ್ಕಳು ಉಳಿದವರಿಗಿಂತ ಕಡಿಮೆ ಹೊತ್ತು ಚಿತ್ರ ಬರೆಯುತ್ತಿದ್ದರು. ಬಹುಮಾನದ ಆಸೆ ಸುಖವನ್ನು ಕೆಲಸವಾಗಿಸಿತ್ತು.

ಇನ್ನು ಹೊಲದ ಮಾತು. ‘ಸ್ಟಾರ್ಡ್ಯೂ ವ್ಯಾಲಿ’ಯ ಮಣ್ಣಿಗೆ ಒಂದು ವಿಚಿತ್ರ ಗುಣವಿದೆ. ಅದು ದಣಿಯುವುದಿಲ್ಲ. ಒಂದೇ ಜಾಗದಲ್ಲಿ ಒಂದೇ ಬೆಳೆಯನ್ನು ಹತ್ತು ವರ್ಷ ತೆಗೆದರೂ ಇಳುವರಿ ಇಳಿಯದು. ನಿಜವಾದ ಮಣ್ಣು ಹಾಗಲ್ಲವೆಂದು ರೈತರಿಗೆ ಯಾವತ್ತೂ ಗೊತ್ತಿತ್ತು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಕವಿ ವರ್ಜಿಲ್ ಬೇಸಾಯದ ಬಗ್ಗೆ ಬರೆದ ‘ಜಾರ್ಜಿಕ್ಸ್’ ಕಾವ್ಯದಲ್ಲಿ, ದಣಿದ ಹೊಲಕ್ಕೆ ಎರಡು ದಾರಿ ತೋರಿಸುತ್ತಾನೆ. ವರ್ಷ ಬಿಟ್ಟು ವರ್ಷ ಬೀಳು ಬಿಡುವುದು ಒಂದು, ಬೆಳೆ ಬದಲಿಸುವುದು ಇನ್ನೊಂದು. ಮಧ್ಯಯುಗದ ಯುರೋಪಿನಲ್ಲಿ ಹೊಲವನ್ನು ಮೂರು ಪಾಲು ಮಾಡಿ ಪ್ರತಿ ವರ್ಷ ಒಂದನ್ನು ಬೀಳು ಬಿಡುತ್ತಿದ್ದರು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಗೋಧಿ, ಟರ್ನಿಪ್ ಗೆಡ್ಡೆ, ಬಾರ್ಲಿ, ಕ್ಲೋವರ್ ಎಂಬ ನಾಲ್ಕು ವರ್ಷಗಳ ಸರದಿ ಹೆಸರಾಯಿತು. ಬೀಳಿನ ವರ್ಷ ಅಲ್ಲಿ ಇಲ್ಲವಾಯಿತು, ವಿಶ್ರಾಂತಿ ಇಲ್ಲವಾಗಲಿಲ್ಲ. ಕ್ಲೋವರ್ ಎಂಬ ಮೇವಿನ ಗಿಡ ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತದೆ. ಗೆಡ್ಡೆ, ಮೇವು ತಿಂದ ಜಾನುವಾರುಗಳ ಗೊಬ್ಬರ ಹೊಲಕ್ಕೆ ಬೀಳುತ್ತದೆ.

ಆಟದಿಂದ ಈ ಜ್ಞಾನವನ್ನು ತೆಗೆದದ್ದು ಆಡುವವರ ಅನುಕೂಲಕ್ಕೆ. ಆದರೆ ಮಣ್ಣು ದಣಿಯದ ಕಾರಣ, ನಿಲ್ಲು ಎಂದು ಹೇಳುವವರು ಯಾರೂ ಇಲ್ಲ. ಮಣ್ಣಿನ ಪಾಲಿನ ದಣಿವನ್ನೂ ಆಡುವವರೇ ಹೊರುತ್ತಾರೆ. ಮೊದಲ ಆಟಕ್ಕಿದ್ದ ಕೊನೆಯೂ ಇಲ್ಲಿಲ್ಲ. ಮೂರನೆಯ ವರ್ಷದ ಆರಂಭದಲ್ಲಿ ತಾತನ ಆತ್ಮ ಬಂದು ಹೊಲ ನೋಡಿ ಹೋದ ಮೇಲೂ ಬೆಳಗಾಗುತ್ತಲೇ ಇರುತ್ತದೆ.

ಹಾಗಾದರೆ ದಣಿದವರು ಮಾಡಬೇಕಾದದ್ದು ವರ್ಜಿಲನ ಎರಡು ದಾರಿಗಳಲ್ಲೇ ಇದೆ. ಬೆಳೆ ಬದಲಿಸುವುದೆಂದರೆ ಹಳೆಯ ಲೆಕ್ಕ ಕೆಲಸಕ್ಕೆ ಬಾರದ ಕಡೆ ಹೋಗುವುದು. 1.5 ಆವೃತ್ತಿಯ ಕಡಲತೀರದ ಹೊಲದಲ್ಲಿ ಬಹುಪಾಲು ಮರಳಿನ ಮೇಲೆ ಸ್ಪ್ರಿಂಕ್ಲರ್ ಇಡಲಾಗುವುದಿಲ್ಲ, ಕೈಯಲ್ಲೇ ನೀರು ಹಾಯಿಸಬೇಕು. ಅಲ್ಲಿ ಹೊಲ ತನ್ನಷ್ಟಕ್ಕೇ ಚಿಕ್ಕದಾಗುತ್ತದೆ. 2024ರ 1.6 ಆವೃತ್ತಿಯ ಹುಲ್ಲುಗಾವಲಿನ ಹೊಲದಲ್ಲಿ ಮೊದಲ ದಿನವೇ ಗೂಡು, ಎರಡು ಕೋಳಿ ಇರುತ್ತವೆ, ಬೀಜಗಳಿರುವುದಿಲ್ಲ. ವೈನ್ ಮಾಡುವುದಿಲ್ಲ ಎಂದು ತಾವೇ ಒಂದು ನಿಯಮ ಹಾಕಿಕೊಳ್ಳಬಹುದು. ವಿಕಿ ಪುಟ ಮುಚ್ಚಿ, ಗೆಳೆಯರೊಬ್ಬರನ್ನು ಜೊತೆಗೆ ಕರೆದು, ಅವರು ತಪ್ಪು ಋತುವಿನಲ್ಲಿ ಬಿತ್ತುವುದನ್ನು ತಿದ್ದದೆ ನೋಡಬಹುದು.

ಇನ್ನೊಂದು ದಾರಿ ಬೀಳು. ಕನ್ನಡದಲ್ಲಿ ಹೊಲ ಪಾಳು ಬೀಳುತ್ತದೆ, ಅದು ತಾನಾಗಿ ಆಗುವುದು. ಬೀಳು ಬಿಡುವುದು ಹಾಗಲ್ಲ, ರೈತ ಯೋಚಿಸಿ ಮಾಡುವ ಕೆಲಸ, ಬೇಸಾಯದ ಒಂದು ಭಾಗ. ವಸಂತದ ನಡುವೆ ಆಟ ನಿಲ್ಲಿಸಿದವರು ತಮ್ಮನ್ನು ಸೋತವರೆಂದು ಎಣಿಸಬೇಕಾಗಿಲ್ಲ. ‘ಫಾರ್ಮ್‌ವಿಲ್’ನಲ್ಲಿ ಇದು ಸಾಧ್ಯವಿರಲಿಲ್ಲ, ಬಿಟ್ಟ ಬೆಳೆ ಬಾಡುತ್ತಿತ್ತು. ಆ ಆಟ 2020ರ ಡಿಸೆಂಬರ್ 31ರಂದು ಮುಚ್ಚಿಯೂ ಹೋಯಿತು. ‘ಸ್ಟಾರ್ಡ್ಯೂ ವ್ಯಾಲಿ’ಯಲ್ಲಿ ನಾವು ಇಲ್ಲದಾಗ ಕಾಲ ನಡೆಯುವುದಿಲ್ಲ. ಆರು ತಿಂಗಳು ಬಿಟ್ಟರೂ, ಎರಡು ವರ್ಷ ಬಿಟ್ಟರೂ, ಮಲಗಿದ ರಾತ್ರಿಯ ಮರುದಿನವೇ ಬೆಳಗಾಗುತ್ತದೆ, ಹಸು ಹಟ್ಟಿಯಲ್ಲಿರುತ್ತದೆ. ಅಷ್ಟರಲ್ಲಿ ಸ್ಟ್ರಾಬೆರಿಯ ಲೆಕ್ಕ ನಮಗೆ ಸ್ವಲ್ಪ ಮರೆತಿರುತ್ತದೆ. ಮತ್ತೆ ಬಿತ್ತಲು ಅಷ್ಟು ಮರೆವು ಸಾಕು.