ಕಸಬುಗಾರನ ದೀಪ

ಕ್ರಿ.ಶ. 1268ರ ಸುಮಾರಿನಲ್ಲಿ ಪ್ಯಾರಿಸ್ ನಗರದ ಅಧಿಕಾರಿಯಾಗಿದ್ದ ಎತಿಯೆನ್ ಬ್ವಾಲೋ ಎಂಬಾತನು ಆ ಪಟ್ಟಣದ ಕಸಬುಗಳ ಕಟ್ಟಳೆಗಳನ್ನು ಒಂದು ಗ್ರಂಥವಾಗಿ ಬರೆಯಿಸಿದನು. ಹಲವು ಕಸಬುಗಳವರಿಗೆ ವಿಧಿಸಿದ ಒಂದು ನಿಷೇಧ ಅದರಲ್ಲಿ ಮತ್ತೆ ಮತ್ತೆ ಕಾಣಬರುತ್ತದೆ: ಇರುಳಿನಲ್ಲಿ ಕೆಲಸ ಮಾಡಕೂಡದು. ಇರುಳಿನ ಬೆಳಕು ಒಳ್ಳೆಯ ಕೆಲಸಕ್ಕೆ ಸಾಲದೆಂಬುದು ಅಲ್ಲಿ ಕೊಟ್ಟಿರುವ ಕಾರಣ. ಗಿರಾಕಿಯ ಹಿತಕ್ಕಾಗಿ ಮಾಡಿದ ಈ ಕಟ್ಟಳೆಯಿಂದ ಕಸಬುಗಾರನಿಗೂ ಅವನ ಕೈಕೆಳಗಿನ ಹುಡುಗರಿಗೂ ಸಂಜೆಯೊಂದು ದಕ್ಕಿತು. ಹೊತ್ತು ಮುಳುಗಿತೆಂದರೆ ಯಜಮಾನನೂ ಉಳಿ ಕೆಳಗಿಡಬೇಕು. ದೀಪದ ಚರಿತ್ರೆಯನ್ನು ಕತ್ತಲೆಯ ಮೇಲೆ ಬೆಳಕು ಪಡೆದ ಜಯವೆಂದು ಬರೆಯುವುದು ವಾಡಿಕೆ. ಕೆಲಸದ ಮಣೆಯ ಬಳಿ ನಿಂತು ನೋಡುವವರಿಗೆ ಆ ಚರಿತ್ರೆಗೆ ಇನ್ನೊಂದು ಮಗ್ಗುಲೂ ಕಾಣುತ್ತದೆ.

ಬೆಳಕಿಗೆ ಬೆಲೆಯುಂಟು. ಎಣ್ಣೆಯಾಗಲಿ ಮೇಣದಬತ್ತಿಯಾಗಲಿ ಬಡವನಿಗೆ ದುಬಾರಿ. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದ ಗಿಲ್ಬರ್ಟ್ ವೈಟ್ 1789ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ಲೆಕ್ಕವನ್ನೇ ಹಾಕಿದ್ದಾನೆ. ಅಲ್ಲಿಯ ಬಡವರು ಕೆರೆಯಂಚಿನ ಒಂದು ಬಗೆಯ ಜೊಂಡನ್ನು ಕಿತ್ತು, ನೆನೆಸಿ, ಸಿಪ್ಪೆ ಸುಲಿದು, ಒಂದೇ ಒಂದು ಎಳೆ ಸಿಪ್ಪೆಯನ್ನು ಆಧಾರಕ್ಕೆ ಉಳಿಸಿಕೊಂಡು, ಒಣಗಿಸಿ, ಕರಗಿದ ಕೊಬ್ಬಿನಲ್ಲಿ ಅದ್ದಿ ದೀಪ ಮಾಡಿಕೊಳ್ಳುತ್ತಿದ್ದರು. ಒಂದು ಪೌಂಡು ಒಣ ಜೊಂಡಿನಲ್ಲಿ 1600 ಕಡ್ಡಿಗಳು. ಅದಕ್ಕೆ ಆರು ಪೌಂಡು ಕೊಬ್ಬು. ಎಲ್ಲ ಸೇರಿ ಮೂರು ಷಿಲಿಂಗು ವೆಚ್ಚ. ಕಡ್ಡಿಯೊಂದು ಅರ್ಧ ಗಂಟೆ ಉರಿದರೂ, ಒಂದು ಫಾರ್ದಿಂಗಿಗೆ, ಎಂದರೆ ಪೆನ್ನಿಯ ಕಾಲು ಭಾಗಕ್ಕೆ, ಐದೂವರೆ ಗಂಟೆಯ ಬೆಳಕು ಸಿಕ್ಕುತ್ತದೆ. ಹೀಗಿದ್ದೂ ಕಡುಬಡವರು ಅರ್ಧ ಪೆನ್ನಿ ಕೊಟ್ಟು ಮೇಣದಬತ್ತಿಯನ್ನೇ ಕೊಳ್ಳುತ್ತಾರಲ್ಲ, ಗಾಳಿ ನುಗ್ಗುವ ಅವರ ಮನೆಯಲ್ಲಿ ಅದು ಎರಡು ಗಂಟೆಗಿಂತ ಬಹಳ ಹೆಚ್ಚು ಹೊತ್ತು ಉರಿಯದಲ್ಲ ಎಂದು ಆತ ಪೇಚಾಡುತ್ತಾನೆ. ಹನ್ನೊಂದು ಗಂಟೆಯ ಬೆಳಕಿಗೆ ಸಾಕಾಗುವ ಹಣಕ್ಕೆ ಎರಡು ಗಂಟೆಯ ಬೆಳಕು! ಪಾದ್ರಿಯ ಗಣಿತ ಸರಿಯಾದುದೇ. ಆದರೆ ಜೊಂಡು ಕೀಳಲು ಬಿಡುವು ಬೇಕು, ಕೊಬ್ಬು ಕೂಡಿಸಿಡಲು ಅಡಿಗೆಮನೆಯಲ್ಲಿ ಮಾಂಸ ಬೇಯಬೇಕು. ಇವೆರಡೂ ಇಲ್ಲದ ಮನೆಯಲ್ಲಿ ಮಿತವ್ಯಯವೂ ಕಷ್ಟ.

ಇದ್ದ ಬೆಳಕನ್ನೇ ಕೂಡಿಸಿಕೊಳ್ಳುವ ಉಪಾಯವನ್ನು ಕಂಡುಕೊಂಡವರು ಕಸಬುಗಾರರು. ಗುಂಡನೆಯ ಗಾಜಿನ ಬುರುಡೆಗೆ ತಿಳಿನೀರು ತುಂಬಿ ಅದರ ಹಿಂದೆ ಒಂದು ಬತ್ತಿ ಹಚ್ಚಿಟ್ಟರೆ, ಬುರುಡೆ ಮಸೂರದಂತೆ ವರ್ತಿಸಿ, ಚೆದರಿಹೋಗುವ ಕಿರಣಗಳನ್ನು ಒಂದೆಡೆ ಬೀಳಿಸುತ್ತದೆ. ಯೂರೋಪಿನ ಚಮ್ಮಾರರು, ಕಸೂತಿ ಜಾಲರಿ ಹೆಣೆಯುವ ಹೆಂಗಸರು, ಮರದಚ್ಚು ಕೊರೆಯುವವರು ಎಲ್ಲರೂ ಈ ನೀರುಬುರುಡೆಯನ್ನು ಬಳಸಿದರು. ನಡುವೆ ಒಂದು ಬತ್ತಿ, ಸುತ್ತ ನಾಲ್ಕಾರು ಬುರುಡೆ, ಬುರುಡೆಗೊಬ್ಬಳಂತೆ ಕೆಲಸಗಾತಿ. ಹೊಸ ಬೆಳಕೇನೂ ಇಲ್ಲಿ ಹುಟ್ಟಲಿಲ್ಲ. ಗೋಡೆಗೆ ಬಿದ್ದು ವ್ಯರ್ಥವಾಗುತ್ತಿದ್ದುದು ಕೈಬೆರಳಿನ ಮೇಲೆ ಬಿದ್ದಿತು, ಅಷ್ಟೆ. ಅದೇ ದೇಶದಲ್ಲಿ ಸರಕಾರವು 1709ರಿಂದ 1831ರವರೆಗೆ ಮೇಣದಬತ್ತಿಗೆ ಸುಂಕ ಹಾಕಿತ್ತೆಂಬುದನ್ನು ನೆನೆದರೆ ಆ ಬುರುಡೆಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಬಳಿಕ ಅನಿಲದೀಪ ಬಂದಿತು. ಕಲ್ಲಿದ್ದಲಿನಿಂದ ತೆಗೆದ ಅನಿಲದಿಂದ 1792ರಲ್ಲಿ ತನ್ನ ಮನೆಯನ್ನು ಬೆಳಗಿದ ವಿಲಿಯಂ ಮರ್ಡಾಕ್ ಮುಂದೆ ಸಾಲ್ಫರ್ಡ್ ಊರಿನ ಒಂದು ಹತ್ತಿಯ ಗಿರಣಿಯಲ್ಲಿ 900ಕ್ಕೂ ಹೆಚ್ಚು ದೀಪಗಳನ್ನಿಟ್ಟನು. 1808ರಲ್ಲಿ ರಾಯಲ್ ಸೊಸೈಟಿಯ ಮುಂದೆ ಆತನಿಟ್ಟ ಲೆಕ್ಕ ಹೀಗಿದೆ. ದಿನಕ್ಕೆ ಸರಾಸರಿ ಎರಡು ಗಂಟೆ ದೀಪ ಉರಿದರೆ ವರ್ಷಕ್ಕೆ ಅನಿಲಕ್ಕೆ 600 ಪೌಂಡು, ಮೇಣದಬತ್ತಿಗಾದರೆ 2000 ಪೌಂಡು. ಮೂರು ಗಂಟೆ ಉರಿದರೆ ಅನಿಲಕ್ಕೆ 650, ಬತ್ತಿಗೆ 3000. ವಾಚಕರು ಈ ಅಂಕಿಗಳನ್ನು ಇನ್ನೊಮ್ಮೆ ಓದಬೇಕು. ಒಂದು ಗಂಟೆ ಹೆಚ್ಚು ದುಡಿಸಿಕೊಳ್ಳುವುದಕ್ಕೆ ಗಿರಣಿಯ ಒಡೆಯನಿಗೆ ದೀಪದ ಬಾಬ್ತು ತಗಲುವ ವೆಚ್ಚ ವರ್ಷಕ್ಕೆ ಐವತ್ತೇ ಪೌಂಡು! ಸೂರ್ಯಾಸ್ತವು ಹಾಕಿದ್ದ ಬೇಲಿ ಮುರಿದುಬಿದ್ದಿತು. ಹದಿನೆಂಟು ವರ್ಷದೊಳಗಿನವರನ್ನು ಗಿರಣಿಗಳಲ್ಲಿ ರಾತ್ರಿ ದುಡಿಸಬಾರದೆಂದು 1833ರಲ್ಲಿ ಅಲ್ಲಿಯ ಪಾರ್ಲಿಮೆಂಟು ಕಾನೂನು ಮಾಡಬೇಕಾಯಿತು. ಬ್ವಾಲೋವಿನ ಕಾಲದಲ್ಲಿ ದೀಪದ ಬಡತನ ಮಾಡುತ್ತಿದ್ದ ಕೆಲಸವನ್ನು ಈಗ ಕಾನೂನು ಮಾಡಬೇಕಾಗಿ ಬಂತು.

ನಮ್ಮ ನಾಡಿನಲ್ಲಿ ಹಣತೆಯ ಜಾಗಕ್ಕೆ ಸೀಮೆಎಣ್ಣೆಯ ಬುಡ್ಡಿ, ಲಾಟೀನುಗಳು ಬಂದವು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಬಂದದ್ದು 1905ರಲ್ಲಿ. ಹಳ್ಳಿಯ ಬಡಗಿ ಮಾತ್ರ ಬಹುಕಾಲ ಜಗುಲಿಯಲ್ಲೇ ಕುಳಿತು, ಹಗಲ ಬೆಳಕಿನಲ್ಲೇ ನೇಗಿಲು ಕೆತ್ತಿದನು. ನಮ್ಮ ಭಾಷೆಯಲ್ಲಿ ‘ಸೊಡರು’ ಅಚ್ಚಗನ್ನಡದ ಶಬ್ದ. ‘ದೀವಿಗೆ’ ಸಂಸ್ಕೃತದ ‘ದೀಪಿಕಾ’ದಿಂದ ಬಂದ ತದ್ಭವ. ಎರಡರ ಜೊತೆಗೂ ನಮಗೆ ನೆನಪಾಗುವುದು ದೇವರ ಮನೆ, ಹೊಸ್ತಿಲು, ಹಬ್ಬ. ಕಸಬಿನ ಮಣೆಯ ದೀಪಕ್ಕೆಂದು ಬೇರೊಂದು ಹೆಸರು ಹುಟ್ಟಲಿಲ್ಲ.

ಅಂಥ ದೀಪಕ್ಕೆ ಕೈಕಾಲು ಬಂದದ್ದು 1932ರಲ್ಲಿ. ಇಂಗ್ಲೆಂಡಿನ ಬಾತ್ ನಗರದ ಜಾರ್ಜ್ ಕಾರ್ವರ್ಡೈನ್ ಮೋಟಾರು ವಾಹನಗಳ ಸ್ಪ್ರಿಂಗುಗಳಲ್ಲಿ ಪಳಗಿದ ಇಂಜಿನಿಯರು. ಎತ್ತ ಎಳೆದರೂ ಅತ್ತ ಬಂದು, ಬಿಟ್ಟ ಕಡೆ ನಿಲ್ಲುವ ತೋಳೊಂದನ್ನು ಸ್ಪ್ರಿಂಗುಗಳ ಸಮತೂಕದಿಂದ ಮಾಡಿ, ಪೇಟೆಂಟು ಪಡೆದು, ಅದರ ತುದಿಗೆ ದೀಪವನ್ನು ಕಟ್ಟಿದನು. ನಮ್ಮ ಭುಜ, ಮೊಣಕೈ, ಮಣಿಕಟ್ಟುಗಳು ಕೆಲಸ ಮಾಡುವ ರೀತಿಯೇ ಅದಕ್ಕೂ. ‘ಈಕ್ವಿಪಾಯ್ಸ್’ ಎಂದು ಹೆಸರಿಡಬೇಕೆಂದಿದ್ದನಂತೆ. ಅದು ನಿಘಂಟಿನಲ್ಲಿರುವ ಮಾತಾದುದರಿಂದ ನೋಂದಣಿ ಸಿಕ್ಕದೆ ‘ಆಂಗಲ್‌ಪಾಯ್ಸ್’ ಆಯಿತು. ರೆಡಿಚ್ ಊರಿನ ಟೆರಿ ಎಂಬ ಸ್ಪ್ರಿಂಗು ತಯಾರಕರು ಅದನ್ನು ಮಾರಾಟಕ್ಕೆ ತಂದರು. ಮೊದಲು ನಾಲ್ಕು ಸ್ಪ್ರಿಂಗಿನ ದೀಪ, 1935ರಲ್ಲಿ ಮನೆಬಳಕೆಗೆ ಮೂರು ಸ್ಪ್ರಿಂಗಿನದು.

ಇದರಲ್ಲಿ ಅಡಗಿರುವ ಮಿತವ್ಯಯದ ಗುಟ್ಟನ್ನು ಕೆಪ್ಲರ್ 1604ರಲ್ಲೇ ಹೇಳಿದ್ದನು. ಕನ್ನಡ ಪಂಡಿತನಾದ ನನಗೆ ಭೌತಶಾಸ್ತ್ರದಲ್ಲಿ ಅಧಿಕಾರವಿಲ್ಲ. ಆದರೆ ಇದಕ್ಕೆ ಮಗ್ಗಿ ಬಂದರೆ ಸಾಕು. ದೀಪದ ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಕಾಲಾದರೆ ಹದಿನಾರು ಪಟ್ಟು. ಆದುದರಿಂದ ಮಾಳಿಗೆಗೆ ತೂಗುಹಾಕಿದ ದೊಡ್ಡ ಬಲ್ಬಿಗಿಂತ ಮಣೆಗೆ ಒಂದೂವರೆ ಅಡಿ ದೂರದಲ್ಲಿ ಬಾಗಿ ನಿಂತ ಚಿಕ್ಕ ಬಲ್ಬು ಮೇಲು.

ಮನೆಯ ಹಿತ್ತಿಲಲ್ಲೋ ಮೋಟಾರು ಷೆಡ್ಡಿನಲ್ಲೋ ಮರಗೆಲಸವನ್ನು ಹವ್ಯಾಸವಾಗಿ ಹಿಡಿದವರಿಗೆ ಈಗ ಈ ದೀಪ ಭಾರವಲ್ಲ. 1993ರಲ್ಲಿ ಜಪಾನಿನ ನಕಮುರ ಪ್ರಖರವಾದ ನೀಲಿ ಎಲ್‌ಇಡಿಯನ್ನು ಸಾಧಿಸಿದ ಮೇಲೆ ಬಿಳಿಯ ಎಲ್‌ಇಡಿ ಸಾಧ್ಯವಾಯಿತು. ಅಕಸಾಕಿ, ಅಮಾನೊ ಅವರೊಡನೆ ಆತನಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂದಿತು. 2015ರಲ್ಲಿ ಭಾರತ ಸರಕಾರವು ಉಜಾಲಾ ಯೋಜನೆಯ ಮೂಲಕ ಈ ಬಲ್ಬುಗಳನ್ನು ಅಗ್ಗವಾಗಿ ಹಂಚತೊಡಗಿತು. 60 ವಾಟಿನ ಹಳೆಯ ಬಲ್ಬಿನಷ್ಟು ಬೆಳಕನ್ನು 9 ವಾಟಿನದು ಕೊಡುತ್ತದೆ. ಕೈಗೆ ಅಷ್ಟು ಬಿಸಿ ತಗಲುವುದೂ ಇಲ್ಲ.

ಲೇತ್ ಯಂತ್ರ ಇಟ್ಟುಕೊಂಡವರು ಮಾತ್ರ ಒಂದು ಎಚ್ಚರಿಕೆ ವಹಿಸಬೇಕು. ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ನಮ್ಮ 50 ಆವರ್ತದ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ತಿರುಗುವ ಮರದ ವೇಗ ಅದಕ್ಕೆ ಹೊಂದಿಕೊಂಡರೆ ಮರ ನಿಂತಂತೆಯೇ ಕಾಣುತ್ತದೆ. ನಿಂತಿತೆಂದು ಕೈಯಿಟ್ಟವನ ಬೆರಳು ಉಳಿಯದು. ಅಂಥ ಕಡೆ ಮಿನುಗದ ದೀಪವೊಂದು ಪಕ್ಕದಲ್ಲಿರಲೇಬೇಕು.

ಬಲಗೈ ಬಳಸುವವರು ದೀಪವನ್ನು ಎಡಗಡೆ ಇಟ್ಟುಕೊಂಡರೆ ಕೈಯ ನೆರಳು ಗೆರೆಯ ಮೇಲೆ ಬೀಳದು. ಕೀಸುಳಿ ಹಾಕಿದ ಹಲಗೆಯನ್ನು ಪರೀಕ್ಷಿಸುವಾಗ ದೀಪವನ್ನು ಹಲಗೆಯ ಮಟ್ಟಕ್ಕೆ ತಗ್ಗಿಸಿ ಓರೆಯಾಗಿ ಹಾಯಿಸಬೇಕು. ಮೇಲಿನ ಬೆಳಕಿನಲ್ಲಿ ನುಣುಪಾಗಿ ಕಂಡ ಹಲಗೆಯ ಮೇಲೆ ಆಗ ಉಳಿಯ ಏರುತಗ್ಗುಗಳು ಉತ್ತ ಹೊಲದ ಸಾಲುಗಳಂತೆ ಎದ್ದು ಕಾಣುತ್ತವೆ.