ವಕೀಲರ ಸಂವಹನ ಲೋಪ: ರಾಯಚೂರು, ದೇವದುರ್ಗ, ಮಾನ್ವಿಯ ಕಕ್ಷಿದಾರರಿಗಿರುವ ಪರಿಹಾರಗಳು

ವಕೀಲರು ಪ್ರಕರಣ ಎಲ್ಲಿಗೆ ಬಂತೆಂದು ತಿಳಿಸದಿದ್ದರೆ, ತಾರೀಖು ಹೇಳದೆ ಅಲೆದಾಡಿಸಿದರೆ, ಕೇಳಿದ ಕಾಗದಪತ್ರ ಕೊಡದಿದ್ದರೆ ಕಕ್ಷಿದಾರರಿಗೆ ಮೊದಲು ನೆನಪಾಗುವುದು ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡುವ ದಾರಿ. 1961ರ ವಕೀಲರ ಕಾಯ್ದೆಯ 35ನೇ ಕಲಮು ಆ ಹಕ್ಕನ್ನು ಕೊಟ್ಟಿದೆ. ಆದರೆ ಮೊದಲು ಉಳಿಸಿಕೊಳ್ಳಬೇಕಾದದ್ದು ಪ್ರಕರಣವನ್ನು. ದೂರಿನ ಸರದಿ ಆಮೇಲೆ. ದೂರಿನಿಂದ ವಕೀಲರಿಗೆ ಛೀಮಾರಿ, ಅಮಾನತು, ಸನದು ರದ್ದತಿಯವರೆಗೂ ಶಿಕ್ಷೆಯಾಗಬಹುದು. ವಜಾ ಆದ ದಾವೆ ಅದರಿಂದ ಮರುಜೀವ ಪಡೆಯುವುದಿಲ್ಲ. ಪರಿಷತ್ತು ಇರುವುದು ನಾನೂರು ಕಿಲೋಮೀಟರಿನಾಚೆ ಬೆಂಗಳೂರಿನಲ್ಲಿ. ಪ್ರಕರಣದ ಕಡತವಾದರೋ ದೇವದುರ್ಗ, ಮಾನ್ವಿಯ ತಾಲ್ಲೂಕು ನ್ಯಾಯಾಲಯದಲ್ಲೋ ರಾಯಚೂರಿನ ಜಿಲ್ಲಾ ನ್ಯಾಯಾಲಯದಲ್ಲೋ ಕೈಗೆಟಕುವಷ್ಟು ಹತ್ತಿರದಲ್ಲಿದೆ.

ಕಡತದಲ್ಲಿ ಮೊದಲು ನೋಡಬೇಕಾದದ್ದು ಆದೇಶ ಹಾಳೆ. ಪ್ರತಿ ತಾರೀಖಿಗೆ ಯಾರು ಹಾಜರಿದ್ದರು, ಯಾರು ಸಮಯ ಕೇಳಿದರು, ಮುಂದಿನ ಹಂತ ಸಾಕ್ಷಿಯೋ ವಾದವೋ ಎಂಬುದು ಅದರಲ್ಲಿ ನಮೂದಾಗುತ್ತದೆ. ದೃಢೀಕೃತ ನಕಲಿಗೆ ಕಕ್ಷಿದಾರರೇ ಅರ್ಜಿ ಹಾಕಬಹುದು. ಪ್ರಕರಣದ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಗೊತ್ತಿದ್ದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ತಾರೀಖನ್ನು ಊರಲ್ಲಿ ಕುಳಿತೇ ನೋಡಬಹುದು. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 60ರ ಆಸುಪಾಸಿನಲ್ಲಿತ್ತು, ರಾಜ್ಯದ ಸರಾಸರಿ ಶೇ. 75. ಇಂಥ ಕಡೆ ಆ್ಯಪ್ ಇದೆ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಓದಿ ಹೇಳುವವರು ಬೇಕು. ಆ ಕೆಲಸ ತಾಲ್ಲೂಕು ಕಾನೂನು ಸೇವಾ ಸಮಿತಿಯದು.

ಕಡತವನ್ನು ಬೇಗ ನೋಡಬೇಕೆನ್ನಲು ಕಾರಣ ಕಾಲಮಿತಿ. ಗೈರುಹಾಜರಿಯಿಂದ ವಜಾ ಆದ ದಾವೆಯನ್ನು ಮತ್ತೆ ಊರ್ಜಿತಗೊಳಿಸಲು, ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಲು ಸಾಮಾನ್ಯವಾಗಿ 30 ದಿನ ಮಾತ್ರ ಅವಕಾಶ. ತಡವಾದರೆ ಕಾಲಮಿತಿ ಕಾಯ್ದೆಯ 5ನೇ ಕಲಮಿನಡಿ ಕಾರಣ ತೋರಿಸಿ ಮನ್ನಾ ಕೇಳಬೇಕು. 1981ರ ರಫೀಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಕೀಲರನ್ನು ನೇಮಿಸಿ ಶುಲ್ಕ ಕೊಟ್ಟು ನಂಬಿ ಕುಳಿತ ಹಳ್ಳಿಯ ಕಕ್ಷಿದಾರ ವಕೀಲರ ತಪ್ಪಿಗೆ ನರಳಬಾರದು ಎಂದಿತು. ಹಾಗಿದ್ದರೆ ಸುಮ್ಮನಿದ್ದರೂ ನಡೆಯುತ್ತದಲ್ಲ ಎಂದು ಕೇಳಬಹುದು. ನಡೆಯುವುದಿಲ್ಲ. 1993ರ ಸಲಿಲ್ ದತ್ತ ಪ್ರಕರಣದಲ್ಲಿ ಅದೇ ನ್ಯಾಯಾಲಯ ಕಲ್ಕತ್ತದ ಕಂಪನಿಯೊಂದಕ್ಕೆ ಈ ರಕ್ಷಣೆ ನಿರಾಕರಿಸಿತು. ವಕೀಲರ ಮೇಲೆ ಹೊಣೆ ಹೊರಿಸಿದ ಮಾತ್ರಕ್ಕೆ ವಿನಾಯಿತಿ ಸಿಗದೆಂದು ಹೇಳಿತು. ತಾರೀಖು ಮೊಬೈಲ್‌ನಲ್ಲೇ ಸಿಗುವ ಈ ಕಾಲದಲ್ಲಿ ಗೊತ್ತಿರಲಿಲ್ಲ ಎಂಬ ಮಾತಿನ ತೂಕ ಇನ್ನಷ್ಟು ಇಳಿದಿದೆ. ಸ್ಪೀಡ್ ಪೋಸ್ಟ್‌ನಲ್ಲಿ ವಕೀಲರಿಗೆ ಕಳಿಸಿದ ಒಂದು ಪತ್ರ, ಅದರ ರಸೀದಿ, ಕಕ್ಷಿದಾರ ನಿದ್ದೆ ಮಾಡಿರಲಿಲ್ಲ ಎಂಬುದಕ್ಕೆ ಪುರಾವೆಯಾಗುತ್ತದೆ.

ಉತ್ತರ ಬಾರದಿದ್ದರೆ ವಕೀಲರನ್ನು ಬದಲಿಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 4ನೇ ನಿಯಮದಂತೆ ನ್ಯಾಯಾಲಯದ ಅನುಮತಿ ಪಡೆದು, ಸಹಿ ಮಾಡಿದ ಬರಹ ಸಲ್ಲಿಸಿ ಹಳೆಯ ವಕಾಲತ್ತನ್ನು ಕೊನೆಗೊಳಿಸಬೇಕು. ಹಳೆಯ ವಕೀಲರ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಇಲ್ಲದೆ ಏನೂ ಆಗದು ಎಂಬ ಭಯ ಜನರಲ್ಲಿದೆ. ಅದು ಸಿಕ್ಕರೆ ಕೆಲಸ ಸುಲಭ, ಸಿಗದಿದ್ದರೆ ನ್ಯಾಯಾಲಯವನ್ನೇ ಕೇಳಬಹುದು. ಫೀಸು ಬಾಕಿ ಇದೆಯೆಂದು ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು 2000ದ ಆರ್.ಡಿ. ಸಕ್ಸೇನಾ ತೀರ್ಪು ಸ್ಪಷ್ಟಪಡಿಸಿದೆ. ಹಾಗೆ ಹಿಡಿದಿಡುವುದೇ ವೃತ್ತಿ ದುರ್ನಡತೆ. ಬಾಕಿ ಫೀಸಿಗೆ ವಕೀಲರು ಬೇರೆ ಕಾನೂನು ಕ್ರಮ ಹೂಡಬಹುದು. ಹೊಸ ವಕೀಲರ ಫೀಸಿನ ಚಿಂತೆಗೂ ದಾರಿಯಿದೆ. ದೇವದುರ್ಗ, ಮಾನ್ವಿ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಡಿ ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಎಲ್ಲ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವಿಗೆ ಅರ್ಹರು. ಅಂದರೆ ಎರಡನೇ ಸಲ ಫೀಸು ಹೊಂದಿಸಲಾಗದೆಂದು ಇಲ್ಲಿನ ಬಹಳಷ್ಟು ಜನ ಮೌನಿ ವಕೀಲರಿಗೇ ಅಂಟಿಕೊಳ್ಳಬೇಕಿಲ್ಲ. ಸಹಾಯವಾಣಿ 15100.

ವಕೀಲರ ಕಡೆಯಿಂದಲೂ ಒಂದು ಗಟ್ಟಿ ಆಕ್ಷೇಪವಿದೆ. ಈ ತಾಲ್ಲೂಕುಗಳಿಂದ ಕುಟುಂಬಗಳು ಬೆಂಗಳೂರಿನಂಥ ನಗರಗಳಿಗೆ ಗುಳೆ ಹೋಗುತ್ತವೆ. ಮೊಬೈಲ್ ನಂಬರು ಬದಲಾಗುತ್ತದೆ, ಕರೆ ಹೋಗುವುದೇ ಇಲ್ಲ. ಇದು ನಿಜ, ಹೊಸ ನಂಬರು ಬರೆದುಕೊಡುವುದು ಕಕ್ಷಿದಾರರ ಹೊಣೆ. ಆದರೆ ಸಾಕಷ್ಟು ಮುಂಚಿತ ನೋಟಿಸ್ ಇಲ್ಲದೆ ವಕೀಲರು ಪ್ರಕರಣದಿಂದ ಹಿಂದೆ ಸರಿಯಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೇ ಹೇಳುತ್ತವೆ. ಅಮೆರಿಕದ ಮಾದರಿ ನಿಯಮಗಳಂತೆ ಕಕ್ಷಿದಾರರಿಗೆ ಆಗಾಗ ಮಾಹಿತಿ ಕೊಡಲೇಬೇಕೆಂಬ ಪ್ರತ್ಯೇಕ ನಿಯಮ ನಮ್ಮಲ್ಲಿಲ್ಲ. ಇದು ದೊಡ್ಡ ಕೊರತೆ, ತುಂಬಲೇಬೇಕಾದದ್ದು. ಬರೀ ಅಜಾಗರೂಕತೆ ದುರ್ನಡತೆಯಾಗದು ಎಂಬ ತೀರ್ಪುಗಳೂ ಇರುವುದರಿಂದ, ಫೋನ್ ಎತ್ತಲಿಲ್ಲ ಎಂಬಷ್ಟೇ ದೂರು ನಿಲ್ಲುವುದು ಕಷ್ಟ. ಕಡತ ಕೊಡಲಿಲ್ಲ, ಹಣದ ಲೆಕ್ಕ ಕೊಡಲಿಲ್ಲ, ದಾವೆ ವಜಾ ಆದದ್ದನ್ನು ಮುಚ್ಚಿಟ್ಟರು ಎಂಬುದಕ್ಕೆ ದಾಖಲೆ ಇದ್ದರೆ ದೂರಿಗೆ ಬಲ ಬರುತ್ತದೆ.

ದೂರು ಒಂದು ವರ್ಷದಲ್ಲಿ ಇತ್ಯರ್ಥವಾಗದಿದ್ದರೆ ಅದು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ವಕೀಲರ ವಿರುದ್ಧ ಗ್ರಾಹಕ ಆಯೋಗಕ್ಕೆ ಹೋಗುವ ಬಾಗಿಲನ್ನು ಸುಪ್ರೀಂ ಕೋರ್ಟ್ 2024ರ ಮೇ 14ರಂದು ಮುಚ್ಚಿತು. ನಷ್ಟ ಪರಿಹಾರಕ್ಕೆ ಸಿವಿಲ್ ದಾವೆ ಹೂಡುವ ಹಕ್ಕು ಮಾತ್ರ ಉಳಿದಿದೆ: ವಕೀಲರೆಂಬ ಒಂದೇ ಕಾರಣಕ್ಕೆ ನಿರ್ಲಕ್ಷ್ಯದ ಹೊಣೆಯಿಂದ ವಿನಾಯಿತಿ ಇಲ್ಲವೆಂದು 1926ರ ವಕೀಲರ ಶುಲ್ಕ ಕಾಯ್ದೆಯ 5ನೇ ಕಲಮು ಹೇಳುತ್ತದೆ.