ಮರದ ಗರುಡನಿಂದ ಹಾರುವ ಓತಿಯವರೆಗೆ

ಕಥೆ ಕೇಳುವ ಮಗು ಎರಡು ಪ್ರಶ್ನೆಗಳನ್ನು ಕೇಳುತ್ತದೆ. 'ಆಮೇಲೇನಾಯಿತು?' ಎಂಬುದು ಮೊದಲನೆಯದು, 'ಇದೆಲ್ಲ ನಿಜವೆ?' ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಹೇಳುವುದು ಕಥೆಗಾರನ ಹೊಣೆ. ಎರಡನೆಯದನ್ನು ಬಿಡಿಸಿಕೊಳ್ಳುವುದು ಕೇಳುವವನ ಹೊಣೆ. ಇಂದು ಪುಸ್ತಕದಂಗಡಿಗೆ ಹೋದ ತರುಣರು ಫ್ಯಾಂಟಸಿ ಬೇಕೆನ್ನುತ್ತಾರೆ, ಸೈನ್ಸ್ ಫಿಕ್ಷನ್ ಬೇಕೆನ್ನುತ್ತಾರೆ. ಹೆಸರುಗಳು ಹೊಸವು, ರುಚಿ ಮಾತ್ರ ಬಹು ಹಳೆಯದು. ನಮ್ಮ ಆಲಂಕಾರಿಕರು ಇದನ್ನು ಅದ್ಭುತರಸವೆಂದು ಕರೆದು, ಇದರ ಸ್ಥಾಯಿಭಾವ ವಿಸ್ಮಯ ಎಂದರು. ವಿಸ್ಮಯವೆಂದರು, ನಂಬಿಕೆ ಎನ್ನಲಿಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು, ಕನ್ನಡಿಗರು ಅದ್ಭುತ ಕಥೆಗಳನ್ನು ಓದಿಕೊಂಡು ಬಂದ ಬಗೆಯನ್ನು ಇಲ್ಲಿ ಸ್ವಲ್ಪ ಪರಿಶೀಲಿಸಬಹುದು.

ಭಾರತದ ಅದ್ಭುತ ಕಥೆಗಳಿಗೆಲ್ಲ ತಾಯಿಬೇರು ಗುಣಾಢ್ಯನ 'ಬೃಹತ್ಕಥೆ'. ಪೈಶಾಚೀ ಭಾಷೆಯ ಆ ಮೂಲ ಇಂದು ಉಳಿದಿಲ್ಲ. ಆದರೆ ಅದನ್ನು ಸಂಸ್ಕೃತಕ್ಕೆ ತಂದವರಲ್ಲಿ ಗಂಗರ ದೊರೆ ದುರ್ವಿನೀತನೂ ಒಬ್ಬನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನ ಹೇಳುತ್ತದೆ. ಆತನ ಕೃತಿಯೂ ನಮಗೆ ದೊರೆತಿಲ್ಲ. ಗಂಗರ ರಾಜಧಾನಿಯಾಗಿದ್ದ ತಲಕಾಡು ನಮ್ಮ ಮೈಸೂರಿಗೆ ಬಹು ದೂರವೇನೂ ಅಲ್ಲ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಈ ಕಾವೇರಿ ಸೀಮೆಯ ಅರಸನೊಬ್ಬ ವಿದ್ಯಾಧರರೂ ಯಕ್ಷರೂ ತುಂಬಿದ ಕಥಾಸಾಗರವನ್ನು ಮೆಚ್ಚಿ ಬರೆದನೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ಬೃಹತ್ಕಥೆಯ ಸಾರವನ್ನು 11ನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ 'ಕಥಾಸರಿತ್ಸಾಗರ'ದಲ್ಲಿ ಸಂಗ್ರಹಿಸಿದ. ಅದರಲ್ಲಿ ಒಂದು ಸೊಗಸಾದ ಪ್ರಸಂಗವುಂಟು. ವತ್ಸರಾಜನ ಮಗನಾದ ನರವಾಹನದತ್ತ ಸಮುದ್ರತೀರದ ಒಂದು ಪಟ್ಟಣಕ್ಕೆ ಬರುತ್ತಾನೆ. ಬೀದಿಯಲ್ಲಿ ವರ್ತಕರು ಇದ್ದಾರೆ, ಹೆಂಗಸರು ಇದ್ದಾರೆ, ಪುರಜನರು ಓಡಾಡುತ್ತಿದ್ದಾರೆ. ಆದರೆ ಯಾರ ಬಾಯಲ್ಲಿಯೂ ಮಾತಿಲ್ಲ. ಎಲ್ಲರೂ ಮರದಿಂದ ಮಾಡಿದ ಯಂತ್ರಗಳು! ಜೀವವಿರುವವನು ಒಬ್ಬನೇ, ಆ ಯಂತ್ರಗಳನ್ನು ಮಾಡಿದ ಬಡಗಿ ರಾಜ್ಯಧರ. ಅವನ ಅಣ್ಣ ಪ್ರಾಣಧರ ಕಾಂಚಿಯಲ್ಲಿ ಯಂತ್ರದ ಹಂಸಗಳನ್ನು ಮಾಡಿ ಅರಸನ ಭಂಡಾರದಿಂದ ಒಡವೆ ಕದಿಸುತ್ತಿದ್ದ. ಗುಟ್ಟು ಹೊರಬೀಳುವ ಹೊತ್ತಿಗೆ ಅಣ್ಣತಮ್ಮಂದಿರು ಹಾರುವ ಯಂತ್ರಗಳನ್ನೇರಿ ಓಡಿಹೋದರು. ಈ ಕಥೆಯಲ್ಲಿ ಮಂತ್ರವಿಲ್ಲ, ದೇವತೆಯ ವರವಿಲ್ಲ. ಉಳಿ, ಬಾಚಿ, ಕೈಚಳಕ ಇಷ್ಟೇ. ಇಂದಿನ ರೋಬಾಟ್ ಕಥೆಗಳ ಓದುಗರು ಇದನ್ನು ಓದಿದರೆ ತಮ್ಮ ಮನೆಯ ಮಾತೇ ಎಂದುಕೊಂಡಾರು.

1199ರಲ್ಲಿ ಪೂರ್ಣಭದ್ರನೆಂಬ ಜೈನಯತಿ ಪರಿಷ್ಕರಿಸಿದ ಪಂಚತಂತ್ರದ ಪಾಠದಲ್ಲಿ ಇಂಥದೇ ಇನ್ನೊಂದು ಕಥೆಯಿದೆ. ಒಬ್ಬ ನೇಕಾರ ರಾಜಕುಮಾರಿಯಲ್ಲಿ ಮನಸ್ಸಿಟ್ಟು ಕೊರಗುತ್ತಾನೆ. ಅವನ ಗೆಳೆಯನಾದ ಬಡಗಿ ಕೀಲು ತಿರುಗಿಸಿದರೆ ಹಾರುವ ಮರದ ಗರುಡನನ್ನು ಮಾಡಿಕೊಡುತ್ತಾನೆ. ನೇಕಾರ ಅದನ್ನೇರಿ ವಿಷ್ಣುವಿನ ವೇಷದಲ್ಲಿ ಅಂತಃಪುರಕ್ಕೆ ಇಳಿಯುತ್ತಾನೆ. ಅಳಿಯನೇ ಸಾಕ್ಷಾತ್ ನಾರಾಯಣನೆಂದು ನಂಬಿದ ಅರಸ ಸುತ್ತಣ ದೊರೆಗಳನ್ನೆಲ್ಲ ಕೆಣಕುತ್ತಾನೆ. ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದಾಗ ಪಾಪ, ನೇಕಾರನೇ ಯುದ್ಧಕ್ಕೆ ಹೊರಡಬೇಕಾಯಿತು. ಇವನು ಸತ್ತರೆ ತನ್ನ ಮಾನ ಹೋದೀತೆಂದು ನಿಜವಾದ ವಿಷ್ಣುವೇ ಅವನ ಮೈಯಲ್ಲಿ ಹೊಕ್ಕು ಗೆಲ್ಲಿಸಿದನಂತೆ! ಕಥೆಗಾರ ಇಲ್ಲಿ ನಗುತ್ತಲೇ ಹೇಳುತ್ತಾನೆ. ಮರದ ಗರುಡನನ್ನು ನಿಜವಾದ ಗರುಡನೆಂದು ನಂಬಿದ ಅರಸನ ಪಾಡನ್ನೂ ನಮಗೆ ತೋರಿಸುತ್ತಾನೆ. ಅದ್ಭುತವನ್ನು ಸವಿಯುವುದು ಬೇರೆ, ಅದಕ್ಕೆ ಮೋಸಹೋಗುವುದು ಬೇರೆ ಎಂಬ ವಿವೇಕ ಆ ಕಾಲದ ಕೇಳುಗರಿಗೆ ಇತ್ತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಡ.

ಕನ್ನಡ ಕವಿಗಳೂ ಈ ರಸದಲ್ಲಿ ಹಿಂದೆ ಬೀಳಲಿಲ್ಲ. ಮಾತನಾಡುವ ಗಿಳಿಯೂ ಜನ್ಮಾಂತರದ ಪ್ರೇಮವೂ ಇರುವ ಬಾಣನ ಕಾದಂಬರಿಯನ್ನು ಒಂದನೆಯ ನಾಗವರ್ಮ ಕನ್ನಡಕ್ಕೆ ತಂದ. ನೇಮಿಚಂದ್ರನ 'ಲೀಲಾವತಿ'ಯಲ್ಲಿ ಜಯಂತೀಪುರದ ರಾಜಕುಮಾರ ಕಂದರ್ಪನೂ ರಾಜಕುಮಾರಿ ಲೀಲಾವತಿಯೂ ಕನಸಿನಲ್ಲಿಯೇ ಒಬ್ಬರನ್ನೊಬ್ಬರು ಕಂಡು ಮೋಹಗೊಳ್ಳುತ್ತಾರೆ. ಅಚ್ಚಿನ ಕಾಲ ಬಂದ ಮೇಲೆ ಬತ್ತೀಸ ಪುತ್ತಳಿಯ ಕಥೆ, ಬೇತಾಳನ ಕಥೆ ಮೊದಲಾದುವು ಜನಸಾಮಾನ್ಯರ ಕೈಗೂ ಬಂದುವು. ಮದರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿಯವರು 1947ರಲ್ಲಿ ಆರಂಭಿಸಿದ 'ಚಂದಮಾಮ' 1949ರಲ್ಲಿ ಕನ್ನಡಕ್ಕೆ ಬಂದಿತು. ಈಗ ಅದು ನಿಂತುಹೋಗಿದೆ. ಆದರೆ ಹೆಗಲಮೇಲೆ ಹೆಣ ಹೊತ್ತು ನಡೆಯುವ ವಿಕ್ರಮನ ಚಿತ್ರವನ್ನು ಅದರ ಓದುಗರಾಗಿದ್ದವರು ಮರೆಯುವುದು ಹೇಗೆ? ಬೇತಾಳನ ಕಥೆಗಳ ಸ್ವಾರಸ್ಯವೇನೆಂದರೆ, ಹೊರಗಿನ ಚೌಕಟ್ಟು ಅದ್ಭುತವಾದರೂ ಪ್ರತಿಯೊಂದು ಕಥೆಯೂ ಒಂದು ಪ್ರಶ್ನೆಯಲ್ಲಿ ಮುಗಿಯುತ್ತದೆ. ಆ ಪ್ರಶ್ನೆಗೆ ರಾಜ ವಿಚಾರಮಾಡಿಯೇ ಉತ್ತರ ಹೇಳಬೇಕು. ಖಡ್ಗ ಅಲ್ಲಿ ಉಪಯೋಗಕ್ಕೆ ಬಾರದು.

ಇತ್ತ 'ಇದು ನಿಜವೆ?' ಎಂಬ ಎರಡನೆಯ ಪ್ರಶ್ನೆಗೂ ಕನ್ನಡದಲ್ಲಿ ಉತ್ತರ ಸಿದ್ಧವಾಗತೊಡಗಿತ್ತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ 1918ರಲ್ಲಿ ಬೆಂಗಳೂರಿನಿಂದ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಹುಕಾಲ ಬಾಳಲಿಲ್ಲವಾದರೂ, ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಹೇಳಬಹುದೆಂದು ತೋರಿಸಿತು. 1936ರಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಕೊಟ್ಟರು. ನಮ್ಮ ಮೈಸೂರಿನಲ್ಲಿಯೇ ಆರ್. ಎಲ್. ನರಸಿಂಹಯ್ಯನವರು ನಕ್ಷತ್ರಲೋಕವನ್ನೂ, ಜೆ. ಆರ್. ಲಕ್ಷ್ಮಣರಾಯರು ಪರಮಾಣುವಿನ ಚರಿತ್ರೆಯನ್ನೂ, ಜಿ. ಟಿ. ನಾರಾಯಣರಾಯರು ಕೃಷ್ಣವಿವರಗಳ ಸಂಗತಿಯನ್ನೂ ತಿಳಿಗನ್ನಡದಲ್ಲಿ ಬರೆದರು. ಬೆಳಕನ್ನೂ ಹೊರಗೆ ಬಿಡದ ಕೃಷ್ಣವಿವರದ ಮುಂದೆ ಯಾವ ರಾಕ್ಷಸನ ಬಾಯಿ ತಾನೆ ದೊಡ್ಡದು? ಸತ್ಯವೇ ಕಟ್ಟುಕಥೆಗಿಂತ ಹೆಚ್ಚು ಅದ್ಭುತವಾಗಿರಬಲ್ಲುದೆಂದು ಕನ್ನಡ ಓದುಗರು ಈ ಪುಸ್ತಕಗಳಿಂದ ತಿಳಿದರು.

ಕಥೆಯೂ ಶಾಸ್ತ್ರವೂ ಒಂದರ ಕೈಯನ್ನೊಂದು ಹಿಡಿದು ನಡೆಯಬಹುದೆಂಬುದಕ್ಕೆ ಬಾನುಲಿಯೇ ಉದಾಹರಣೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರನ್ನು ಸೂಚಿಸಿದವರು ನಾ. ಕಸ್ತೂರಿಯವರೆಂದು ಪ್ರಸಿದ್ಧಿ. ಮುಂದೆ ಇಡೀ ದೇಶದ ಬಾನುಲಿಗೇ ಆ ಹೆಸರು ನಿಂತಿತು. ಕಂಸನಿಗೆ ದೇವಕಿಯ ಎಂಟನೆಯ ಗರ್ಭದ ಸುದ್ದಿಯನ್ನು ತಿಳಿಸಿದ ಅಶರೀರವಾಣಿ ಎಲ್ಲರಿಗೂ ಗೊತ್ತಿದ್ದ ಕಥೆ. ಅದರಿಂದ ಹೆಸರು ಎಷ್ಟು ಸಹಜವಾಗಿ ಬಂದಿತು! ಆದರೆ ಪ್ರೇಷಕಯಂತ್ರವನ್ನು ಕಟ್ಟುವ ವಿಧಾನಕ್ಕಾಗಿ ಗೋಪಾಲಸ್ವಾಮಿಯವರು ಭಾಗವತವನ್ನು ತೆರೆಯಲಿಲ್ಲ. ಹೆಸರು ಪುರಾಣದ್ದು, ಯಂತ್ರ ವಿಜ್ಞಾನದ್ದು. ಎರಡಕ್ಕೂ ಗೌರವ ಸಂದಿತು. 'ವಿಮಾನ' ಎಂಬ ಮಾತೂ ಹೀಗೆಯೇ ಪುಷ್ಪಕದಿಂದ ಇಳಿದು ಇಂದಿನ ಹಾರುವ ಯಂತ್ರಕ್ಕೆ ಬಂದು ಸೇರಿತು.

ಆದರೆ ವಿಮಾನದ ವಿಷಯದಲ್ಲಿ ನಮ್ಮ ಊರಿನಲ್ಲಿಯೇ ಈ ವಿವೇಕ ಒಮ್ಮೆ ಕದಡಿತು. ಅದನ್ನು ಹೇಳುವ ಮುನ್ನ ಇನ್ನೊಂದು ಗ್ರಂಥವನ್ನು ನೆನೆಯಬೇಕು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಗಳಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ 'ಅರ್ಥಶಾಸ್ತ್ರ'ವನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಲೋಕದ ವಿದ್ವಾಂಸರು ಅದನ್ನು ಬೇರೆಡೆ ದೊರೆತ ಪ್ರತಿಗಳೊಡನೆ ಹೋಲಿಸಿದರು, ಕಾಲವನ್ನು ಕುರಿತು ವಾದಿಸಿದರು. ಪರೀಕ್ಷೆಗೆ ಒಡ್ಡಿದುದರಿಂದ ಗ್ರಂಥದ ಕೀರ್ತಿ ಕುಂದಲಿಲ್ಲ, ಹೆಚ್ಚಿತು.

ಇನ್ನೊಂದು ಗ್ರಂಥ 'ವೈಮಾನಿಕ ಶಾಸ್ತ್ರ'. ಭರದ್ವಾಜ ಮಹರ್ಷಿಯ ಕೃತಿಯೆಂದು ಹೇಳಲಾದ ಇದನ್ನು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 20ನೆಯ ಶತಮಾನದ ಆರಂಭದಲ್ಲಿ ಬಾಯಿಂದ ಹೇಳಿ ಬರೆಯಿಸಿದರು. ಮೈಸೂರಿನ ಜಿ. ಆರ್. ಜೋಸ್ಯರ್ ಅವರು ಇಂಗ್ಲಿಷ್ ಅನುವಾದದೊಡನೆ 1973ರಲ್ಲಿ ಪ್ರಕಟಿಸಿದರು. ರುಕ್ಮ, ಸುಂದರ, ತ್ರಿಪುರ, ಶಕುನ ಎಂಬ ವಿಮಾನಗಳ ವರ್ಣನೆಯೂ ಚಿತ್ರಗಳೂ ಅದರಲ್ಲಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಇದನ್ನು ತಿರಸ್ಕಾರದಿಂದ ಬದಿಗಿಡದೆ, ಕೂಲಂಕಷವಾಗಿ ಪರಿಶೀಲಿಸಿ 1974ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಗ್ರಂಥ 1904ಕ್ಕಿಂತ ಹಿಂದಿನದಲ್ಲ; ಅದರ ಸಂಸ್ಕೃತ ವೈದಿಕ ಕಾಲದ್ದಲ್ಲ; ವರ್ಣಿತವಾದ ಯಾವ ವಿಮಾನಕ್ಕೂ ಹಾರುವ ಲಕ್ಷಣವಿಲ್ಲ ಎಂಬುದು ಅದರ ಸಾರಾಂಶ. ಆದರೂ ಗ್ರಂಥದ ಮೇಲಿನ ಮೋಹ ಹೋಗಲಿಲ್ಲ. 2015ರ ಜನವರಿಯಲ್ಲಿ ಮುಂಬಯಿಯ ಭಾರತೀಯ ವಿಜ್ಞಾನ ಸಮ್ಮೇಳನದಲ್ಲಿಯೂ ಪ್ರಾಚೀನ ವಿಮಾನಗಳ ವಾದ ಕಾಣಿಸಿಕೊಂಡು ದೊಡ್ಡ ಚರ್ಚೆಯಾಯಿತು. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂಬ ಗಾದೆಯಂತೆ, ಪುಷ್ಪಕಕ್ಕೆ ಈ ಗ್ರಂಥ ಸಾಕ್ಷಿ, ಈ ಗ್ರಂಥಕ್ಕೆ ಪುಷ್ಪಕ ಸಾಕ್ಷಿ!

ಇದರಿಂದ ನಷ್ಟವಾದುದು ಯಾರಿಗೆ? ವಿಜ್ಞಾನಕ್ಕಿಂತ ಹೆಚ್ಚಾಗಿ ಪುರಾಣಕ್ಕೆ ಎಂದು ಸಂಸ್ಕೃತ, ಕನ್ನಡಗಳನ್ನು ಓದಿಕೊಂಡ ನನ್ನಂಥವರಿಗೆ ತೋರುತ್ತದೆ. ವಾಲ್ಮೀಕಿಯ ಪುಷ್ಪಕ ಕವಿಯ ಮನಸ್ಸಿನಲ್ಲಿ ಹಾರಿದುದು. ಅದಕ್ಕೆ ಎಣ್ಣೆ ಯಾವುದು, ಚಕ್ರವೆಷ್ಟು ಎಂದು ಲೆಕ್ಕ ಹಾಕಲು ಹೊರಟರೆ ಕಾವ್ಯವೂ ನೆಲಕ್ಕೆ ಬೀಳುತ್ತದೆ, ಯಂತ್ರವೂ ಮೇಲೇಳುವುದಿಲ್ಲ. ಸೋಮದೇವನ ಬಡಗಿಯನ್ನು ಬಡಗಿಯೆಂದೇ ಓದಿದವನಿಗೆ ಈ ಅವಸ್ಥೆ ಬರಲಾರದು.

ಇದಕ್ಕೆ ಎದುರಾಗಿ ಇನ್ನೊಂದು ಹಾದಿಯನ್ನು ತೋರಿಸಿದವರು ಪೂರ್ಣಚಂದ್ರ ತೇಜಸ್ವಿ. ಮೈಸೂರಿನಲ್ಲಿ ಓದಿ ಮೂಡಿಗೆರೆಯಲ್ಲಿ ನೆಲಸಿದ ಅವರ 'ಕರ್ವಾಲೊ' 1980ರಲ್ಲಿ ಹೊರಬಂದಿತು. ಮಲೆನಾಡಿನ ಹಳ್ಳಿಯ ಹುಡುಗ ಮಂದಣ್ಣ ಕಾಡಿನಲ್ಲಿ ಒಂದು ಹಾರುವ ಓತಿಯನ್ನು ಕಂಡಿದ್ದಾನೆ. ವಿಜ್ಞಾನಿ ಕರ್ವಾಲೊ ಆ ಹುಡುಗನ ಕಣ್ಣನ್ನು ನಂಬುತ್ತಾರೆ, ಆದರೆ ತಾವೂ ಕಾಣುವವರೆಗೆ ಹುಡುಕಾಟವನ್ನು ಬಿಡುವುದಿಲ್ಲ. ಹಾರುವ ಓತಿ ಕಟ್ಟುಕಥೆಯ ಪ್ರಾಣಿಯಲ್ಲ. ಗೇಣುದ್ದದ ಆ ಜೀವಿ ಪಶ್ಚಿಮಘಟ್ಟದ ಕಾಡುಗಳಲ್ಲಿ, ಅಡಕೆ ತೋಟಗಳಲ್ಲಿ ಇಂದಿಗೂ ಇದೆ. ಉದ್ದವಾದ ಪಕ್ಕೆಲುಬುಗಳ ಆಧಾರದ ಮೇಲೆ ಚರ್ಮದ ಪಟ್ಟಿಯನ್ನು ಕೊಡೆಯಂತೆ ಬಿಚ್ಚಿ, ಮರದಿಂದ ಮರಕ್ಕೆ ತೇಲಿಕೊಂಡು ಹೋಗುತ್ತದೆ. ಕಾದಂಬರಿಕಾರರು ಅದನ್ನು ಯುಗಯುಗಗಳ ಹಿಂದಿನ ಜೀವಿಯಾಗಿ ಬೆಳೆಸಿ ಕಥೆ ಹೆಣೆದರು. ಕೊನೆಯಲ್ಲಿ ಓತಿ ಕೈಗೆ ಸಿಕ್ಕದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ಓದುಗನಿಗೆ ಉಳಿಯುವುದು ವಿಸ್ಮಯ, ಅದರೊಡನೆ ತಾನೂ ಹೋಗಿ ನೋಡಬೇಕೆಂಬ ಹಂಬಲ.

ಅಚ್ಚ ವೈಜ್ಞಾನಿಕ ಕಥೆಗಳನ್ನೂ ಕನ್ನಡಿಗರು ಓದಿದ್ದಾರೆ. ರಾಜಶೇಖರ ಭೂಸನೂರಮಠರ 'ಆಪರೇಶನ್ ಯು.ಎಫ್.ಓ.' ಹಾರುವ ತಟ್ಟೆಗಳನ್ನು ಕನ್ನಡಕ್ಕೆ ಇಳಿಸಿತು. 'ಮನು' ಎಂಬ ಹೆಸರಿನ ಲೇಖಕರು 'ಮಹಾಸಂಪರ್ಕ'ದಲ್ಲಿ ಮಹಾಭಾರತದ ಸಂಗತಿಗಳನ್ನು ಕಾದಂಬರಿಯಾಗಿ ಹೊಸ ರೀತಿಯಲ್ಲಿ ಕಲ್ಪಿಸಿದರು; ಕಾದಂಬರಿಯೆಂದೇ ಹೇಳಿ ಕಲ್ಪಿಸಿದುದು ಉಚಿತವಾಯಿತು. ಕೃಷಿವಿಜ್ಞಾನಿಗಳಾದ ಕೆ. ಎನ್. ಗಣೇಶಯ್ಯನವರು 'ಕನಕ ಮುಸುಕು', 'ಕರಿಸಿರಿಯಾನ' ಮೊದಲಾದ ಕೃತಿಗಳಲ್ಲಿ ಚರಿತ್ರೆ, ಶಿಲ್ಪ, ವಿಜ್ಞಾನಗಳನ್ನು ಕಲ್ಪನೆಯೊಡನೆ ಬೆರೆಸುತ್ತಾರೆ. ಕಥೆಯೊಡನೆ ಆಧಾರಗಳನ್ನೂ ಸೂಚಿಸುವುದು ಅವರ ರೂಢಿ. ಎಲ್ಲಿಯವರೆಗೆ ದಾಖಲೆ, ಎಲ್ಲಿಂದ ಕಲ್ಪನೆ ಎಂದು ಹುಡುಕುವ ಚಟ ಅವರ ಓದುಗರಿಗೆ ತಾನಾಗಿ ಹತ್ತುತ್ತದೆ.

ಇಂದು ಪಟ್ಟಣದ ಅನೇಕ ಮಕ್ಕಳು ಅದ್ಭುತವನ್ನು ಇಂಗ್ಲಿಷಿನಲ್ಲಿಯೇ ಓದುತ್ತಾರೆ. ಹ್ಯಾರಿ ಪಾಟರ್ ಗೊತ್ತಿರುವಷ್ಟು ರಾಜ್ಯಧರ ಗೊತ್ತಿಲ್ಲ. ಇದಕ್ಕಾಗಿ ಮಕ್ಕಳ ಮೇಲೆ ಕೋಪಿಸಿಕೊಂಡು ಫಲವಿಲ್ಲ. ಹ್ಯಾರಿ ಪಾಟರನ್ನು ಓದುವ ಮಗು ಪೊರಕೆಯ ಮೇಲೆ ಕುಳಿತು ಮಾಳಿಗೆಯಿಂದ ಹಾರುವುದಿಲ್ಲ. ಅದಕ್ಕೆ ಕಥೆಯ ಮರ್ಯಾದೆ ತಿಳಿದಿದೆ. ದೊಡ್ಡವರಾದ ನಾವು ಅದನ್ನು ಮರೆಯದಿದ್ದರೆ ಸಾಕು. ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಬಾನುಲಿಯ ಧ್ವನಿ ತಗ್ಗಿಸಿ, ವಾರಕ್ಕೊಮ್ಮೆಯಾದರೂ ಒಂದು ಕಥೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದೋಣ. ಒಂದು ವಾರ ಮರದ ಜನರ ಪಟ್ಟಣವಾಗಲಿ, ಮರುವಾರ ಕರ್ವಾಲೊವಿನ ಒಂದು ಅಧ್ಯಾಯವಾಗಲಿ. ಮಗು 'ಆಮೇಲೇನಾಯಿತು?' ಎಂದರೆ ಹಾಳೆ ತಿರುಗಿಸೋಣ. 'ಇದು ನಿಜವೆ?' ಎಂದರೆ ಗದರಿಸದೆ, ನಿಘಂಟನ್ನೋ ವಿಶ್ವಕೋಶವನ್ನೋ ಅದರ ಕೈಗೆ ಕೊಟ್ಟು ಜೊತೆಯಲ್ಲಿ ಕುಳಿತುಕೊಳ್ಳೋಣ.